ಆಫೀಸಿಗೆ ಒಂದು ಪುಟದ ಕೋಡಿಂಗ್ ನಿಯಮ ಬರೆಯಬೇಕಂತೆ, ಏನು ಬರೆಯಲಿ?

ಗಂಜ್_ಹುಡುಗ
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಮ್ಮದು ಐದು ಜನರ ಸಣ್ಣ ಸಾಫ್ಟ್‌ವೇರ್ ಆಫೀಸು. ನೆಹರು ಗಂಜಿನ ಅಡತಿ ಅಂಗಡಿಗಳಿಗೆ, ಒಂದೆರಡು ದಾಲ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ. ಹೋದ ತಿಂಗಳು ಹೊಸ ಹುಡುಗ ಸೇರಿದ. ಚುರುಕು ಇದ್ದಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದ ವಾರದಲ್ಲೇ ಕೋಡ್ ಬರೆಯುವ ಎಡಿಟರ್ ಬದಲಿಸೋಣ, ಎಐ ಹಾಕಿಸೋಣ, ಎಲ್ಲಾ ಕಡೆ ಕೋಡನ್ನು ತಾನೇ ಪರೀಕ್ಷಿಸುವ ಟೆಸ್ಟ್ ಬರೆಯೋಣ ಅಂತ ಶುರು ಮಾಡಿದ. ಆ ಕಡೆ ನಮ್ಮ ಸೀನಿಯರ್ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಿಟ್ಟು ಕದಲುವವರಲ್ಲ. ದಿನಾ ಚಹಾದ ಹೊತ್ತಿಗೆ ಜಗಳ. ಕೊನೆಗೆ ಮಾಲೀಕರು ನನ್ನನ್ನು ಕರೆದು, "ನೀನು ಇಬ್ಬರ ನಡುವೆ ಇದ್ದೀಯ. ಒಂದು ಪುಟದಲ್ಲಿ ನಿಯಮ ಬರೆದು ಗೋಡೆಗೆ ಅಂಟಿಸು" ಅಂದರು.

ಇಲ್ಲಿಯತನಕ ಬರೆದದ್ದು ಇಷ್ಟೇ. ಎಡಿಟರ್ ಅವರವರ ಇಷ್ಟ. ಸಂಜೆ ಮನೆಗೆ ಹೋಗುವ ಮುಂಚೆ ಕಮಿಟ್ ಮಾಡಲೇಬೇಕು, ಅಂದರೆ ಆವತ್ತಿನ ಬದಲಾವಣೆಯನ್ನು ಕೋಡಿನ ಇತಿಹಾಸ ಇಡುವ ಗಿಟ್‌ಗೆ ಸೇರಿಸಬೇಕು. ಡೀಬಗ್ ಮಾಡಲು, ಅಂದರೆ ತಪ್ಪು ಹುಡುಕಲು ಹಾಕಿದ ಪ್ರಿಂಟ್ ಸಾಲು ತೆಗೆದೇ ಕೋಡ್ ಕೊಡಬೇಕು. ಅಷ್ಟಕ್ಕೆ ನನ್ನ ಸರಕು ಮುಗಿಯಿತು. ನಿಮ್ಮ ಕಡೆ ಹೇಗೆ ನಡೆಯುತ್ತದೆ?

ವಿಮ್_ಪೈಲ್ವಾನ
ಎಡಿಟರ್ ಅವರವರ ಇಷ್ಟ ಅಂತ ಬರೆದಿರಲ್ಲ, ಅಲ್ಲೇ ಸೋತಿರಿ. ಕೀಬೋರ್ಡಿನಲ್ಲೇ ನಡೆಯುವ ವಿಮ್ ಎಡಿಟರ್ ಕಲಿಸಿ. 1991ರಿಂದ ಇದೆ, ಯಾವ ಲಿನಕ್ಸ್ ಸರ್ವರ್‌ಗೆ ಹೋದರೂ ಅದರ ಅಣ್ಣನೋ ತಮ್ಮನೋ ಕೂತಿರುತ್ತದೆ. ಗಿರಾಕಿಯ ಸರ್ವರ್ ರಾತ್ರಿ ಕೆಟ್ಟು ನಿಂತಾಗ ಮೌಸ್ ಹುಡುಕುತ್ತಾ ಕೂರುತ್ತೀರಾ?

ಶೇಂಗಾ_ಹಿಂಡಿ
ಶುರುವಾಯಿತು. ಯಾರಾದರೂ ಚಹಾ ಹೇಳಿ.

ಶಹಾಪುರದವಳು
ಪೈಲ್ವಾನರೇ, ನಿಮ್ಮ ಗಿರಾಕಿಗೆ ಲಿನಕ್ಸ್ ಸರ್ವರ್ ಇದೆ, ಪುಣ್ಯವಂತರು. ನಮ್ಮ ಗಿರಾಕಿಗಳದ್ದು ಗಲ್ಲೆಯ ಪಕ್ಕದಲ್ಲಿ ಧೂಳು ತಿನ್ನುತ್ತಿರುವ ವಿಂಡೋಸ್ ಪೆಟ್ಟಿಗೆ. ಅದರ ಮೇಲೊಂದು ಊದಿನಕಡ್ಡಿ.

ಗಂಜ್ ಅಣ್ಣಾ, ಎಡಿಟರ್ ವಿಷಯದಲ್ಲಿ ನೀವು ಬರೆದದ್ದೇ ಸರಿ. ಆದರೆ ಕೋಡಿನ ಸಾಲು, ಜಾಗ ಜೋಡಿಸುವ ಫಾರ್ಮ್ಯಾಟರ್ ಮಾತ್ರ ಎಲ್ಲರಿಗೂ ಒಂದೇ ಇರಲಿ. ಪೈಥಾನ್ ಆದರೆ ಬ್ಲ್ಯಾಕ್, ಜಾವಾಸ್ಕ್ರಿಪ್ಟ್ ಆದರೆ ಪ್ರೆಟಿಯರ್, ಯಾವುದೋ ಒಂದು. ಸೇವ್ ಮಾಡಿದ ತಕ್ಷಣ ಅದೇ ಸಾಲು ಹಿಡಿಸಬೇಕು. ನಮ್ಮಲ್ಲಿ ಒಬ್ಬ ಟ್ಯಾಬ್, ಇನ್ನೊಬ್ಬ ಸ್ಪೇಸ್. ಒಂದು ಸಾಲು ಬದಲಿಸಿದರೆ ಹಳೆಯದು ಹೊಸದು ಹೋಲಿಸುವ ಡಿಫ್‌ನಲ್ಲಿ ಮುನ್ನೂರು ಸಾಲು ಕೆಂಪು ಹಸಿರು. ನಿಜವಾಗಿ ಏನು ಬದಲಾಯಿತು ಅಂತ ಹುಡುಕುವಷ್ಟರಲ್ಲಿ ಊಟದ ಹೊತ್ತು.

ಅರ್ಧವಿರಾಮ
ಎರಡನೇ ನಿಯಮ ತಪ್ಪು. ಕಮಿಟ್ ಗಡಿಯಾರ ನೋಡಿ ಮಾಡುವುದಲ್ಲ. ಒಂದು ಕೆಲಸ ಮುಗಿದಾಗ ಒಂದು ಕಮಿಟ್. ಸಂಜೆ ಆರಕ್ಕೆ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಹಾಕಿದರೆ ಆರು ತಿಂಗಳ ಮೇಲೆ ಆ ಗಂಟು ಬಿಚ್ಚುವವರು ಯಾರು? ಮತ್ತೆ ಕಮಿಟ್‌ಗೆ ಬರೆಯುವ ಮಾತು. ನನ್ನ ಹಳೆ ಆಫೀಸಿನ ಒಂದು ಪ್ರಾಜೆಕ್ಟಿನ ಗಿಟ್ ಸಂಗ್ರಹದಲ್ಲಿ, ಅಂದರೆ ರೆಪೊದಲ್ಲಿ, ಸಾಲಾಗಿ ಹೀಗಿತ್ತು: "ಫಿಕ್ಸ್", "ಫಿಕ್ಸ್ 2", "ಫೈನಲ್", "ಫೈನಲ್ ಕಾ ಬಾಪ್".

ಶೇಂಗಾ_ಹಿಂಡಿ
"ಫೈನಲ್ ಕಾ ಬಾಪ್" ಬರೆದವನು ನಮ್ಮೂರಿನವನೇ. ಪುರಾವೆ ಬೇಡ.

ಶಹಾಪುರದವಳು
ಅರ್ಧವಿರಾಮ ಅವರ ಮಾತು ಒಪ್ಪುತ್ತೇನೆ, ಆದರೆ ಬೇಸಿಗೆಯಲ್ಲಿ ನಮ್ಮ ಕಡೆ ಗಡಿಯಾರವೂ ಬೇಕು. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ನಮ್ಮ ಯುಪಿಎಸ್ ಹದಿನೈದು ನಿಮಿಷ ನಿಂತರೆ ಹೆಚ್ಚು.

ಒಮ್ಮೆ ಕಮಿಟ್ ಆಗುತ್ತಿರುವಾಗಲೇ ಕರೆಂಟು ಹೋಯಿತು, ಯುಪಿಎಸ್ಸೂ ಕೈ ಕೊಟ್ಟಿತು. ಬಂದ ಮೇಲೆ ಗಿಟ್ ಕೇಳಿದರೆ "ಆಬ್ಜೆಕ್ಟ್ ಫೈಲ್ ಈಸ್ ಎಂಪ್ಟಿ" ಅನ್ನುತ್ತದೆ. ಒಳಗೆ ಹೋಗಿ ನೋಡಿದರೆ ಫೈಲು ಇದೆ, ಸೈಜು ಸೊನ್ನೆ. ಎದೆ ಧಸಕ್ ಅಂದಿತು. ಆಮೇಲೆ ಪಕ್ಕದ ಟೇಬಲ್ಲಿನವಳ ಹತ್ತಿರ ಅದೇ ರೆಪೊ ಇತ್ತಲ್ಲ, ಪೆನ್ ಡ್ರೈವ್‌ನಲ್ಲಿ ತಂದು ಹಾಕಿಕೊಂಡೆ. ಬೆಳಿಗ್ಗೆಯ ತನಕದ ಇತಿಹಾಸ ಪೂರ್ತಿ ಬಂತು. ಹೋದದ್ದು ನನ್ನ ಕೊನೆಯ ಎರಡು ಗಂಟೆ ಕೆಲಸ ಮಾತ್ರ.

ಗಿಟ್‌ನ ನಿಜವಾದ ಗುಣ ಇದು. ಪ್ರತಿಯೊಬ್ಬರ ಡಿಸ್ಕ್‌ನಲ್ಲೂ ಇಡೀ ಇತಿಹಾಸ ಇರುತ್ತದೆ. ನೆಟ್ ಇಲ್ಲದಿದ್ದರೂ ಕಮಿಟ್, ಬ್ರ್ಯಾಂಚ್ (ಕೋಡಿನ ಬೇರೆ ಕವಲು), ಹಳೆಯದು ಹುಡುಕುವುದು ಎಲ್ಲಾ ನಡೆಯುತ್ತದೆ. ನೆಟ್ ಬೇಕಾಗುವುದು ಬೇರೆ ಕಂಪ್ಯೂಟರಿಗೆ ಕಳಿಸುವ, ಅಲ್ಲಿಂದ ತರುವ ಪುಶ್, ಪುಲ್‌ಗೆ ಮಾತ್ರ.

ಬೆಂಗಳೂರು_ಬಸ್
ಅದು ಹುಟ್ಟಿದ್ದೂ ಜಗಳದಿಂದಲೇ. ಲಿನಕ್ಸ್ ಕರ್ನಲ್‌ನವರು ಬಿಟ್‌ಕೀಪರ್ ಅನ್ನುವ ಅಂಥದ್ದೇ ಸಾಫ್ಟ್‌ವೇರ್ ಬಳಸುತ್ತಿದ್ದರು, ಪುಕ್ಕಟೆ ಕೊಡುವುದನ್ನು ಆ ಕಂಪನಿ ನಿಲ್ಲಿಸಿತು. ಆ ಕರ್ನಲ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್ 3ಕ್ಕೆ ಬರೆಯಲು ಕೂತು 7ನೇ ತಾರೀಕಿಗೆ ಗಿಟ್‌ನ ಕೋಡನ್ನೇ ಗಿಟ್‌ನಲ್ಲಿ ಇಟ್ಟ. ನಾಲ್ಕೇ ದಿನ. ನಮ್ಮ ಟೀಮಿನಲ್ಲಿ ನಾಲ್ಕು ದಿನ ಬ್ರ್ಯಾಂಚಿಗೆ ಹೆಸರಿಡಲು ಬೇಕು.

ಫಾಕ್ಸ್‌ಪ್ರೊ_ಕಾಕಾ
ಹುಡುಗರೇ, ಬೀದರಿನಿಂದ ಕಾಕಾ ಬರೆಯುತ್ತಿದ್ದೇನೆ. ಮೂರನೇ ನಿಯಮದ ಬಗ್ಗೆ ನನ್ನದೊಂದು ಕಥೆ ಇದೆ.

ನಾನು ಹಳೆ ಡೇಟಾಬೇಸ್ ಭಾಷೆ ಫಾಕ್ಸ್‌ಪ್ರೊ ಕಾಲದವನು. ವಿಷುಯಲ್ ಫಾಕ್ಸ್‌ಪ್ರೊ 9, 2004ರ ಕೊನೆಗೆ ಬಂತು, ಅದೇ ಕೊನೆಯದ್ದು. 2015ರ ಜನವರಿಗೆ ಮೈಕ್ರೋಸಾಫ್ಟ್ ಕೈ ತೊಳೆದುಕೊಂಡಿತು. ನನ್ನ ಮೂರು ಗಿರಾಕಿಗಳ ಹತ್ತಿರ ಇನ್ನೂ ಓಡುತ್ತಿದೆ. ಕರೆಂಟು ಹೋದರೆ ಇಂಡೆಕ್ಸ್ ಕೆಡುತ್ತದೆ, ರೀಇಂಡೆಕ್ಸ್ ಹೊಡೆದರೆ ಏಳುತ್ತದೆ. ಇರಲಿ. ಆಗ ನಮಗೆ ಡೀಬಗರ್ ಅಂದರೆ ವೇಟ್ ವಿಂಡೋ ಕಮಾಂಡು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಬರುತ್ತದೆ, ಕೀ ಒತ್ತಿದರೆ ಹೋಗುತ್ತದೆ. ನಾನು ಕೋಡಿನ ನಡುವೆ ನಡುವೆ "ಇಲ್ಲಿಗೆ ಬಂತು 1", "ಇಲ್ಲಿಗೆ ಬಂತು 2" ಅಂತ ಹಾಕಿಕೊಳ್ಳುತ್ತಿದ್ದೆ. ಒಮ್ಮೆ ತೆಗೆಯಲು ಮರೆತು ಗಿರಾಕಿಗೆ ಕೊಟ್ಟು ಬಂದೆ. ಮಧ್ಯಾಹ್ನ ಅಂಗಡಿಯ ಮಾಲೀಕರ ಫೋನು. "ಕಂಪ್ಯೂಟರು ಇಲ್ಲಿಗೆ ಬಂತು ಅನ್ನುತ್ತಿದೆ ರೀ. ಏನು ಬಂತು? ಮಾಲು ಬಂತಾ? ಹೊರಗೆ ನೋಡಿದರೆ ಲಾರಿ ಇಲ್ಲ." ಹಮಾಲರನ್ನು ಬೇರೆ ಎಬ್ಬಿಸಿದ್ದರಂತೆ.

ಶೇಂಗಾ_ಹಿಂಡಿ
ಕಾಕಾ 😂 ಹಮಾಲರಿಗೆ ಕೂಲಿ ಕೊಟ್ಟವರು ಯಾರು?

ಫಾಕ್ಸ್‌ಪ್ರೊ_ಕಾಕಾ
ನಾನೇ. ಮಿರ್ಚಿ ಭಜಿ, ಚಹಾ.

ಗಂಜ್_ಹುಡುಗ
ಕಾಕಾ, ಈ ನಿಯಮ ಖಾಯಂ ಆಯಿತು ಹಾಗಾದರೆ.

ವಿಮ್_ಪೈಲ್ವಾನ
ಪ್ರಿಂಟ್ ಹಾಕುವುದು ತಪ್ಪಲ್ಲ, ಬಿಟ್ಟು ಬರುವುದು ತಪ್ಪು. ಡೀಬಗರ್ ಹಚ್ಚಿಕೊಂಡು ಹೆಜ್ಜೆ ಹೆಜ್ಜೆಗೆ ನಿಲ್ಲಿಸಿ ನೋಡುವಷ್ಟು ಪುರುಸೊತ್ತು ಇದ್ದವರು ನೋಡಲಿ. ನಾನು ಎರಡು ಪ್ರಿಂಟ್ ಹಾಕಿ, ತಪ್ಪು ಇವೆರಡರ ನಡುವೆ ಇದೆ ಅಂತ ಹಿಡಿದು, ಅರ್ಧ ಅರ್ಧ ಮಾಡುತ್ತಾ ಹೋಗುತ್ತೇನೆ. ಹತ್ತು ನಿಮಿಷ. ಪ್ರಿಂಟ್ ಬದಲು ಲಾಗ್ ಫೈಲಿಗೆ ಬರೆಯಿರಿ ಅಂತ ಹಾಕಿ ನಿಯಮದಲ್ಲಿ. ಗಿರಾಕಿಯ ಕಡೆ ಆದದ್ದು ಆಮೇಲೆ ಗೊತ್ತಾಗಬೇಕಲ್ಲ.

ಕಾಲೇಜ್_ಕಟ್ಟೆ
ನಾನು ಫೈನಲ್ ಇಯರ್, ಕಲಬುರಗಿಯಲ್ಲೇ. ಒಂದು ಪ್ರಶ್ನೆ. ಕೋಡಿಗೆ ಎಐ ಬೇಡ ಅಂತ ಸೀನಿಯರ್‌ಗಳೆಲ್ಲ ಯಾಕೆ ಹೆದರಿಸುತ್ತಾರೆ? ನಮ್ಮ ಪ್ರಾಜೆಕ್ಟ್ ಅರ್ಧ ಅದೇ ಬರೆದದ್ದು. ಓಡುತ್ತಿದೆ.

ಅರ್ಧವಿರಾಮ
ಓಡುತ್ತಿದೆ ಅನ್ನುವುದಕ್ಕೂ ಸರಿ ಇದೆ ಅನ್ನುವುದಕ್ಕೂ ನಡುವೆ ಒಂದು ಊರಿದೆ ತಮ್ಮಾ. ನಿನ್ನ ಪ್ರಾಜೆಕ್ಟ್‌ನಲ್ಲಿ ಕನ್ನಡ ಇದೆಯಾ?

ಕಾಲೇಜ್_ಕಟ್ಟೆ
ಇದೆ ಸರ್. ಮಕ್ಕಳಿಗೆ ಕನ್ನಡ ಪದದಾಟ. ಒಂದು ಪದ ಎಡದಿಂದ ಬಲದಿಂದ ಓದಿದರೂ ಒಂದೇನಾ ಅಂತ ಹೇಳುವುದು ಒಂದು ಹಂತ.

ಅರ್ಧವಿರಾಮ
ವಿಕಟಕವಿ ಹಾಕಿ ನೋಡು.

ಕಾಲೇಜ್_ಕಟ್ಟೆ
ಸರ್... "ಅಲ್ಲ" ಅನ್ನುತ್ತಿದೆ 😐

ಅರ್ಧವಿರಾಮ
ಅನ್ನಲೇಬೇಕು. ಕಂಪ್ಯೂಟರಿಗೆ ವಿ ಒಂದು ಅಕ್ಷರವಲ್ಲ, ವ ಒಂದು, ಗುಡಿಸು ಒಂದು. ವಿಕಟಕವಿ ನಮಗೆ ಐದಕ್ಷರ, ಅದಕ್ಕೆ ಏಳು ತುಂಡು. ಏಳನ್ನು ಉಲ್ಟಾ ಮಾಡಿದರೆ ಮೊದಲು ಒಂಟಿ ಗುಡಿಸು ಬರುತ್ತದೆ, ಆಮೇಲೆ ವ, ಕ, ಟ, ಕಿ, ವ. ಕೊನೆಯ ವಿ ಕಳೆದುಕೊಂಡ ಗುಡಿಸು ಗಾಳಿಯಲ್ಲಿ ತೂಗುತ್ತದೆ, ಮೊದಲ ವಿಯದ್ದು ಹೋಗಿ ಪಕ್ಕದ ಕಗೆ ಅಂಟುತ್ತದೆ. ಕಲಬುರಗಿಯನ್ನು ಉಲ್ಟಾ ಮಾಡಿ ನೋಡು, ಗಿಯ ಗುಡಿಸು ಒಂಟಿಯಾಗಿ ಮುಂದೆ ನಿಂತು, ಬುನ ಕೊಂಬು ರಗೆ ಹೋಗಿ ಗರುಬಲಕ ಆಗುತ್ತದೆ.

ತಪ್ಪು ಎಐದಲ್ಲ. ಇಂಗ್ಲಿಷಿಗೆ ಸರಿಯಾದ ಕೋಡನ್ನು ಅದು ಕೊಟ್ಟಿತು, ನೀನು ಕನ್ನಡದ ಒಂದು ಪದವನ್ನೂ ಹಾಕಿ ನೋಡಲಿಲ್ಲ. ಜಾವಾಸ್ಕ್ರಿಪ್ಟ್ ಆದರೆ ಇಂಟ್ಲ್ ಸೆಗ್ಮೆಂಟರ್ ಅಂತ ಇದೆ, ಪದವನ್ನು ಅಕ್ಷರಗಳಾಗಿ ಒಡೆಯುತ್ತದೆ. ಒತ್ತಕ್ಷರ ಬಂದಾಗ ಮಾತ್ರ ಅದನ್ನೂ ಕಣ್ಣು ಮುಚ್ಚಿ ನಂಬಬೇಡ, ಕ್ಷ, ಸ್ತ್ರೀ ಹಾಕಿ ಪರೀಕ್ಷೆ ಮಾಡು.

ಬೆಂಗಳೂರು_ಬಸ್
ಕುಬೇರನಿಗೇನಿರಬೇಕು. ಇದನ್ನೂ ಟೆಸ್ಟಿಗೆ ಹಾಕು.

ಕಾಲೇಜ್_ಕಟ್ಟೆ
ಸೋಮವಾರ ಡೆಮೊ ಇತ್ತು. ಮರ್ಯಾದೆ ಉಳಿಸಿದಿರಿ ಸರ್.

ಶಹಾಪುರದವಳು
ತಮ್ಮಾ, ಎಐ ಬಳಸು. ನಾನೂ ದಿನಾ ಬಳಸುತ್ತೇನೆ, ಅಕ್ಷರದ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಅಂತೂ ನಾನೇ ಬರೆದು ವರ್ಷ ಆಯಿತು. ಆದರೆ ಇಲ್ಲದ ಪ್ಯಾಕೇಜಿನ (ಬೇರೆಯವರು ಬರೆದಿಟ್ಟ ಕೋಡಿನ) ಹೆಸರನ್ನು ಬಹಳ ನಂಬಿಕೆಯಿಂದ ಹೇಳುತ್ತದೆ ಅದು. ಇನ್‌ಸ್ಟಾಲ್ ಮಾಡುವ ಮುಂಚೆ ಅಂಥದ್ದು ಇದೆಯಾ, ಯಾರು ಬರೆದದ್ದು ಅಂತ ನೋಡು. ಮತ್ತೆ ಗಿರಾಕಿಯ ನಿಜವಾದ ಡೇಟಾ, ಪಾಸ್‌ವರ್ಡ್ ಅದಕ್ಕೆ ಅಂಟಿಸಬೇಡ. ಗಂಜ್ ಅಣ್ಣಾ, ಇದನ್ನು ನಿಮ್ಮ ಗೋಡೆಗೆ ಹಾಕಲೇಬೇಕು.

ಫಾಕ್ಸ್‌ಪ್ರೊ_ಕಾಕಾ
ಅಕ್ಷರದ ಮಾತು ಬಂತಲ್ಲ. ಒಂದು ಕಡೆ ಊರಿನ ಹೆಸರಿನ ಮೇಲೆ ರೈತರನ್ನು ಹುಡುಕಿದರೆ ಬೀದರಿನವರು ಅರ್ಧ ಜನ ಬರುತ್ತಲೇ ಇರಲಿಲ್ಲ. ಪರದೆ ಮೇಲೆ ನೋಡಿದರೆ ಎಲ್ಲರದ್ದೂ ಬೀದರ ಅಂತಲೇ ಇದೆ. ನನ್ನ ಕನ್ನಡಕ ಬದಲಿಸಬೇಕೇನೋ ಅನ್ನಿಸಿತು. ಎರಡು ದಿನ ಆದ ಮೇಲೆ ಗೊತ್ತಾಯಿತು. ಹೊಸದಾಗಿ ಟೈಪ್ ಮಾಡಿದ್ದರಲ್ಲಿ ಬೀ ಅಂದರೆ ಬ, ಅದರ ಮೇಲೆ ದೀರ್ಘದ ಗುಡಿಸು, ಒಂದೇ ಚಿಹ್ನೆ. ಹಳೆ ಫಾಂಟಿನಿಂದ, ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡಿಗೆ ತಿರುಗಿಸಿದ ಫೈಲಿನಲ್ಲಿ ಗುಡಿಸು ಬೇರೆ, ದೀರ್ಘ ಬೇರೆ, ಎರಡು ಚಿಹ್ನೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಊರು.

ಅರ್ಧವಿರಾಮ
ಕಾಕಾ, ಅದಕ್ಕೇ ಎನ್‌ಎಫ್‌ಸಿ ನಾರ್ಮಲೈಸೇಶನ್. ಡೇಟಾ ಒಳಗೆ ಬರುವ ಬಾಗಿಲಲ್ಲೇ ಒಮ್ಮೆ ಮಾಡಿಬಿಟ್ಟರೆ ಆ ಎರಡು ಚಿಹ್ನೆ ಸೇರಿ ಒಂದಾಗುತ್ತವೆ. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಹುಡುಕುವ ಪದಕ್ಕೂ ಮಾಡಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ಕಣ್ಣಿಗೆ ಕಾಣದ ಜಾಯ್ನರ್ ಚಿಹ್ನೆ ಸೇರಿಕೊಂಡಿದ್ದರೆ ಮಾತ್ರ ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ, ನೀವೇ ತೆಗೆಯಬೇಕು.

ಇನ್ನೊಂದು. ಊರುಗಳನ್ನು ಸುಮ್ನೆ ಯೂನಿಕೋಡ್ ಸಂಖ್ಯೆ ಮೇಲೆ ಜೋಡಿಸಿದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ ಬರುತ್ತದೆ. ಯಾಕೆಂದರೆ ಯೂನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಆದ ತಕ್ಷಣ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ, ಕೊನೆಗೆ.

ಬೆಂಗಳೂರು_ಬಸ್
ಎಸ್ಎಂಎಸ್ ಕಳಿಸುವವರು ಯಾರಾದರೂ ಇದ್ದೀರಾ? ಇಂಗ್ಲಿಷ್‌ನಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡಕ್ಕೆ 70. ಆ 70ರಲ್ಲಿ ಗುಡಿಸು, ಕೊಂಬು, ಒತ್ತು ಎಲ್ಲಾ ಬೇರೆ ಬೇರೆ ಲೆಕ್ಕ. ನಮ್ಮ ಒಬ್ಬ ಗಿರಾಕಿ ಪ್ರತಿ ಮೆಸೇಜು "ಶರಣು ಶರಣಾರ್ಥಿ" ಅಂತಲೇ ಶುರುವಾಗಬೇಕು ಅಂದರು. ನಮಸ್ಕಾರಕ್ಕೇ 13 ಹೋಯಿತು. ದರ, ತೂಕ, ಚೀಲ ಹೇಳುವಷ್ಟರಲ್ಲಿ ಎರಡನೇ ಮೆಸೇಜಿನ ದುಡ್ಡು. ಬಿಡಿ ಅಂದರೆ ಬಿಡಲಿಲ್ಲ. "ದುಡ್ಡು ಹೋಗಲಿ, ಶರಣು ಅನ್ನದೆ ರೈತನಿಗೆ ದರ ಹೇಗೆ ಹೇಳೋದು?" ಅಂದರು. ನನಗೂ ಉತ್ತರ ತೋಚಲಿಲ್ಲ.

ಗಂಜ್_ಹುಡುಗ
ಪುಟದ ನಿಯಮ ಕೇಳಿದರೆ ಪುರಾಣ ಸಿಕ್ಕಿತು, ಆದರೆ ನಿಲ್ಲಿಸಬೇಡಿ. ಹೆಸರಿನ ಮಾತು ಬಂದದ್ದಕ್ಕೆ ನನ್ನದೂ ಒಂದು. ನಮ್ಮ ಒಂದೇ ಟೇಬಲ್‌ನಲ್ಲಿ ಗುಲ್ಬರ್ಗಾ, ಗುಲಬರ್ಗಾ, ಕಲ್ಬುರ್ಗಿ, ಕಲಬುರ್ಗಿ, ಕಲಬುರಗಿ ಐದೂ ಇವೆ. 2014ರ ನವೆಂಬರ್ 1ಕ್ಕೆ ಹೆಸರು ಬದಲಾಯಿತಲ್ಲ, ಆವತ್ತಿನಿಂದ ಹೊಸ ಬಿಲ್ಲಿಗೆ ಹೊಸ ಹೆಸರು, ಹಳೆಯದು ಹಾಗೇ. ಅದಕ್ಕೂ ಮುಂಚೆ 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಬೇರೆ ಜಿಲ್ಲೆ ಆಯಿತು. ಶಹಾಪುರದ ರೈತರೆಲ್ಲ ನಮ್ಮ ಹಳೆ ಡೇಟಾದಲ್ಲಿ ಇನ್ನೂ ಗುಲ್ಬರ್ಗಾ ಜಿಲ್ಲೆಯವರೇ.

ಶಹಾಪುರದವಳು
ನಮ್ಮನ್ನು ವಾಪಸ್ ಸೇರಿಸಿಕೊಳ್ಳಬೇಡಿ ಅಣ್ಣಾ 😄

ಹೆಸರನ್ನೇ ಗುರುತಿನ ಕೀ ಮಾಡಿಕೊಂಡರೆ ಹೀಗೇ. ಜಿಲ್ಲೆ, ತಾಲ್ಲೂಕಿಗೆ ಒಂದು ಕೋಡ್ ನಂಬರ್ ಇಡಿ, ಹೆಸರು ಬೇರೆ ಟೇಬಲ್‌ನಲ್ಲಿ ಇರಲಿ, ಹಳೆ ಹೆಸರುಗಳೂ ಇರಲಿ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಕೋಡ್‌ಗಳು ಸಿದ್ಧ ಇವೆ, ನೀವು ಹೊಸದು ಹುಟ್ಟಿಸಬೇಕಿಲ್ಲ. ನಾನು ನೋಡಿದ ಒಂದು ಫಾರ್ಮ್‌ನಲ್ಲಿ ಜಿಲ್ಲೆಗಳ ಹೆಸರನ್ನು ಪ್ರೋಗ್ರಾಮಿನೊಳಗೇ ಬರೆದಿದ್ದರು, ಮೂವತ್ತು. 2021ರಲ್ಲಿ ವಿಜಯನಗರ ಬಂತು, ಹೊಸಪೇಟೆಯವರು ತಮ್ಮ ಜಿಲ್ಲೆ ಹುಡುಕಿ ಸುಸ್ತು. ನಿಮ್ಮ ಜಿಲ್ಲೆಯಲ್ಲೇ ಕಮಲಾಪುರ, ಕಾಳಗಿ, ಶಹಾಬಾದ, ಯಡ್ರಾಮಿ ತಾಲ್ಲೂಕು ಆಗಲಿಲ್ವಾ? ನಿಮ್ಮ ಡ್ರಾಪ್‌ಡೌನ್‌ನಲ್ಲಿ ಇವೆಯಾ ನೋಡಿ.

ಗಂಜ್_ಹುಡುಗ
ನೋಡಿದೆ. ಯಡ್ರಾಮಿ ಇಲ್ಲ. ಹೋಗಿ ಸೇರಿಸಿ ಬರುತ್ತೇನೆ.

ವಿಮ್_ಪೈಲ್ವಾನ
ವಿಮ್‌ನಲ್ಲಿ ಆದರೆ ಒಂದು ಸೆಕೆಂಡು.

ಶೇಂಗಾ_ಹಿಂಡಿ
ಇವರನ್ನು ಯಾರಾದರೂ ಹೊರಗೆ ಕರೆದುಕೊಂಡು ಹೋಗಿ.

ಕಾಲೇಜ್_ಕಟ್ಟೆ
ಕೋಡಿನಲ್ಲಿ ಬೆಲೆ ಹಿಡಿದಿಡುವ ವೇರಿಯೆಬಲ್ ಹೆಸರು ಕನ್ನಡದಲ್ಲಿ ಇಡಬಹುದಾ? ಪೈಥಾನ್ 3ರಲ್ಲಿ ಹಮಾಲಿ = 40 ಅಂತ ಬರೆದೆ, ಓಡಿತು.

ಅರ್ಧವಿರಾಮ
ಓಡುತ್ತದೆ, ಆದರೆ ಟೈಪ್ ಮಾಡಲು ಪ್ರತಿ ಸಲ ಕೀಬೋರ್ಡ್ ಬದಲಿಸಬೇಕು. ನಾಳೆ ಬೇರೆ ಊರಿನವರು ಸೇರಿದರೆ ಓದಲಾರರು. ಇಂಗ್ಲಿಷ್‌ನಲ್ಲೇ ಇರಲಿ, ಲೇಬರ್ ಚಾರ್ಜ್ ಅಂತ.

ಫಾಕ್ಸ್‌ಪ್ರೊ_ಕಾಕಾ
ಲಿಪಿ ಇಂಗ್ಲಿಷ್ ಇರಲಿ, ಪದ ಹಮಾಲಿ ಅಂತಲೇ ಇರಲಿ. ಲೇಬರ್ ಚಾರ್ಜ್ ಅಂತ ನಾನು ಒಮ್ಮೆ ಬರೆದಿದ್ದೆ. ಎರಡು ವರ್ಷ ಬಿಟ್ಟು ನೋಡಿದರೆ ಅದು ಹಮಾಲಿಯೋ, ತೂಕದವನ ಕೂಲಿಯೋ, ಚೀಲ ಹೊಲಿಯುವವನದ್ದೋ ನನಗೇ ಗೊತ್ತಾಗಲಿಲ್ಲ. ಗಂಜಿನಲ್ಲಿ ಮೂರಕ್ಕೂ ಮೂರು ಹೆಸರಿದೆ, ಮೂರು ದರ ಇದೆ. ಇಂಗ್ಲಿಷಿಗೆ ತಿರುಗಿಸಿದಾಗ ಮೂರೂ ಒಂದಾಗಿ ಕೂತವು. ಮುನೀಮರು ಫೋನಿನಲ್ಲಿ ಯಾವ ಪದ ಹೇಳುತ್ತಾರೋ ಕೋಡಿನಲ್ಲಿ ಅದನ್ನೇ ಹುಡುಕಿದರೆ ಸಿಗಬೇಕು.

ಅರ್ಧವಿರಾಮ
ಇದು ಒಪ್ಪತಕ್ಕದ್ದು. ನನ್ನ ಮಾತು ವಾಪಸ್.

ಬೆಂಗಳೂರು_ಬಸ್
ಅರ್ಧವಿರಾಮ ಮಾತು ವಾಪಸ್ ತೆಗೆದುಕೊಂಡರು. ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಗಂಜ್_ಹುಡುಗ
ಕಾಕಾ, ಹಮಾಲಿ ಅಂದಿರಲ್ಲ, ಹುಣ್ಣಿಗೆ ಕೈ ಹಾಕಿದಿರಿ. ಈ ವಾರವೆಲ್ಲ ಅದೇ ಗೋಳು. ಒಂದು ಅಂಗಡಿಯ ಮುನೀಮರು, ವಯಸ್ಸು ಎಪ್ಪತ್ತರ ಹತ್ತಿರ, ಇವತ್ತಿಗೂ ಕೈಯಲ್ಲಿ ಕಿರ್ದಿ ಬರೆಯುತ್ತಾರೆ. ಕಂಪ್ಯೂಟರಿನ ಬಿಲ್ಲು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಬರುತ್ತಾರೆ. ಮೊನ್ನೆ ಒಬ್ಬ ರೈತನ ಮೂರು ಲಾಟಿನ ಹಮಾಲಿ 12.40, 18.40, 9.40. ಅವರು ಕೂಡಿಸಿ 40.20, ಪೈಸೆ ಬಿಟ್ಟು 40 ಅಂತ ಬರೆದಿದ್ದರು. ನಮ್ಮ ಸಾಫ್ಟ್‌ವೇರ್ ಒಂದೊಂದು ಸಾಲಿನ ಪೈಸೆ ಬಿಟ್ಟು 12, 18, 9 ಕೂಡಿಸಿ 39 ಅಂದಿತು. ಕಿರ್ದಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ನೇರ ಆಫೀಸಿಗೆ ಬಂದರು. "ಒಂದು ರೂಪಾಯಿ ಎಲ್ಲಿ ಹೋಯಿತು?" ಅಂತ ಕೂತರು. ಏಳಲಿಲ್ಲ.

ಹೊಸ ಹುಡುಗ ಎಐ ಕೇಳಿದ, ಸೀನಿಯರ್ ನೋಟ್‌ಪ್ಯಾಡ್‌ನಲ್ಲಿ ಹುಡುಕಿದರು. ಇಬ್ಬರಿಗೂ ಕೋಡಿನಲ್ಲಿ ತಪ್ಪು ಕಾಣಲಿಲ್ಲ. ಯಾಕೆಂದರೆ ಕೋಡಿನಲ್ಲಿ ತಪ್ಪು ಇರಲಿಲ್ಲ. ಪೈಸೆ ಎಲ್ಲಿ ಬಿಡಬೇಕು ಅಂತ ನಾವು ಮುನೀಮರನ್ನು ಕೇಳಿಯೇ ಇರಲಿಲ್ಲ.

ವಿಮ್_ಪೈಲ್ವಾನ
ದುಡ್ಡನ್ನು ಫ್ಲೋಟ್‌ನಲ್ಲಿ, ಅಂದರೆ ದಶಾಂಶವನ್ನು ಅಂದಾಜಿಗೆ ಇಡುವ ಬಗೆಯಲ್ಲಿ, ಇಟ್ಟಿಲ್ಲ ತಾನೇ? 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. 1.005 ಅನ್ನು ಎರಡು ಸ್ಥಾನಕ್ಕೆ ರೌಂಡ್ ಮಾಡು ಅಂದರೆ ಜಾವಾಸ್ಕ್ರಿಪ್ಟ್ 1 ಅನ್ನುತ್ತದೆ, 1.01 ಅಲ್ಲ. ಕಂಪ್ಯೂಟರಿನ ಸೊನ್ನೆ ಒಂದರ ಲೆಕ್ಕದಲ್ಲಿ ಆ ದಶಾಂಶ ಸರಿಯಾಗಿ ಕೂರುವುದೇ ಇಲ್ಲ. ಪೈಸೆಯಲ್ಲಿ ಪೂರ್ಣಾಂಕ ಇಡಿ, ಅಥವಾ ಡೇಟಾಬೇಸಿನ ಡೆಸಿಮಲ್ ಬಗೆಯಲ್ಲಿ.

ಗಂಜ್_ಹುಡುಗ
ಹೆಚ್ಚು ಕಡಿಮೆ ಎಲ್ಲಾ ಪೈಸೆಯಲ್ಲೇ ಇದೆ. ಹೆಚ್ಚು ಕಡಿಮೆ ಅಂದೆ. ಈಗ ಹೋಗಿ ನೋಡುತ್ತೇನೆ.

ಶಹಾಪುರದವಳು
ಹುಡುಗನ ಟೆಸ್ಟ್ ಇದಕ್ಕೇ ಬೇಕು ಅಣ್ಣಾ. ಎಲ್ಲಾ ಕಡೆ ಬೇಡ. ಮುನೀಮರ ಕಿರ್ದಿಯಿಂದ ಇಪ್ಪತ್ತು ನಿಜವಾದ ಬಿಲ್ಲು ತೆಗೆದುಕೊಳ್ಳಿ, ಅವರ ಉತ್ತರವೇ ಸರಿ ಉತ್ತರ ಅಂತ ಇಟ್ಟು ಟೆಸ್ಟ್ ಬರೆಸಿ. ಕೋಡ್ ಮುಟ್ಟಿದಾಗಲೆಲ್ಲ ಓಡಲಿ. ಹುಡುಗನೂ ಖುಷಿ, ಮುನೀಮರೂ ಖುಷಿ.

ಫಾಕ್ಸ್‌ಪ್ರೊ_ಕಾಕಾ
ಒಂದು ನಿಯಮ ನನ್ನ ಕಡೆಯಿಂದ. ಶುಕ್ರವಾರ ಹೊಸದು ಹಾಕಬೇಡಿ ಅಂತ ಬೆಂಗಳೂರಿನವರು ಅನ್ನುತ್ತಾರೆ. ನಿಮಗೆ ವಾರದ ಲೆಕ್ಕ ಸಾಲದು. ಡಿಸೆಂಬರ್, ಜನವರಿಯಲ್ಲಿ ತೊಗರಿ ಬರುವಾಗ ಗಂಜಿಗೆ ಹೊಸ ವರ್ಷನ್ ಹಾಕಬೇಡಿ. ಸಾಲುಗಟ್ಟಿ ಗಾಡಿ ನಿಂತಿರುವಾಗ ಬಿಲ್ಲು ನಿಂತರೆ ಯಾವ ಗಿಟ್ಟೂ ಕಾಪಾಡುವುದಿಲ್ಲ.

ಗಂಜ್_ಹುಡುಗ
ಕಾಕಾ, ಇದು ಪುಟದ ಮೊದಲ ಸಾಲು. ಎಡಿಟರ್ ಸಾಲು ಹೊಡೆದು ಹಾಕಿದೆ, ಜಾಗ ಸಾಲಲಿಲ್ಲ.

ವಿಮ್_ಪೈಲ್ವಾನ
ಅನ್ಯಾಯ.

ಗಂಜ್_ಹುಡುಗ
ಮರುದಿನದ ಸುದ್ದಿ. ರೌಂಡಿಂಗ್ ಸರಿ ಮಾಡಿದೆವು, ಒಂದು ಕಡೆ ಫ್ಲೋಟ್ ಸಿಕ್ಕಿತು (ಪೈಲ್ವಾನರೇ, ನಮಸ್ಕಾರ), ಮುನೀಮರ ಇಪ್ಪತ್ತು ಬಿಲ್ಲು ಟೆಸ್ಟಿಗೆ ಹಾಕಿದೆವು. ಹತ್ತೊಂಬತ್ತು ಸರಿ ಬಂತು. ಇಪ್ಪತ್ತನೆಯದರಲ್ಲಿ ಎರಡು ರೂಪಾಯಿ ವ್ಯತ್ಯಾಸ. ಮೂರು ಸಲ ನೋಡಿದೆ, ಈ ಸಲ ಕಿರ್ದಿಯಲ್ಲೇ ತಪ್ಪು ಇದೆ ಅನ್ನಿಸುತ್ತಿದೆ. ಅವರಿಗೆ ಹೇಳುವವರು ಯಾರು?

ಶೇಂಗಾ_ಹಿಂಡಿ
ಹೊಸ ಹುಡುಗನನ್ನು ಕಳಿಸಿ.

ಫಾಕ್ಸ್‌ಪ್ರೊ_ಕಾಕಾ
ಹೇಳುವ ಮುಂಚೆ ನಾಲ್ಕನೇ ಸಲ ನೋಡು ತಮ್ಮಾ. ನಾನು ಮುನೀಮರ ಕಡೆ ಒಂದು ಊಟ ತಹರಿ ಅನ್ನದ ಪಂದ್ಯ ಕಟ್ಟುತ್ತೇನೆ.